ಎದೆಯ ಶಿಲುಬೆ, ಹೆಗಲ ಶಿಲುಬೆ

ಜರ್ಮನಿಯ ಹಳೆಯ ಸೈನಿಕ ಪದಕಗಳನ್ನೂ ರಿಬ್ಬನ್ ಪಟ್ಟಿಗಳನ್ನೂ ಸಂಗ್ರಹಿಸುವ ಹವ್ಯಾಸಿಗಳು ಲೋಕದಲ್ಲಿ ಅನೇಕರಿದ್ದಾರೆ. ರಿಬ್ಬನ್ನಿನ ಬಣ್ಣಗಳಿಂದಲೇ ಅವರು ಯೋಧನೊಬ್ಬನ ಸೇವೆಯ ಕಥೆಯನ್ನು ಓದುತ್ತಾರೆ. ಆ ಪದಕಗಳಲ್ಲಿ ಪ್ರಸಿದ್ಧವಾದುದು 1813ರಲ್ಲಿ ಪ್ರಷ್ಯದ ಅರಸನು ಸ್ಥಾಪಿಸಿದ ‘ಕಬ್ಬಿಣದ ಶಿಲುಬೆ’. 1939ರಲ್ಲಿ ಹಿಟ್ಲರನು ಅದರ ನಡುವೆ ನಾಜಿ ಲಾಂಛನವನ್ನು ಇರಿಸಿದನು. 1957ರಲ್ಲಿ ಪಶ್ಚಿಮ ಜರ್ಮನಿಯ ಕಾನೂನು, ಆ ಲಾಂಛನವಿಲ್ಲದ ಪದಕವನ್ನಷ್ಟೇ ಧರಿಸಲು ಅನುಮತಿಸಿತು. ಲೋಹದಿಂದ ಗುರುತು ಅಳಿಯಿತು; ಮನಸ್ಸಾಕ್ಷಿಯಿಂದ ಅಳಿಯುವುದೇ?

ಅದೇ ಯುದ್ಧಕಾಲದಲ್ಲಿ ಆಸ್ಟ್ರಿಯದ ಸೇಂಟ್ ರಾಡೆಗುಂಡ್ ಎಂಬ ಹಳ್ಳಿಯಲ್ಲಿ ಫ್ರಾನ್ಸ್ ಯೇಗರ್‌ಶ್ಟೆಟರ್ ಎಂಬ ರೈತರಿದ್ದರು. ನಮ್ಮ ಕೆರೆಕಟ್ಟೆಯ ಕೃಷಿಕನಂತೆ ಹೊಲ, ದನಕರು, ಮಡದಿ ಮಕ್ಕಳು, ದೇವಾಲಯದ ಸೇವೆ ಇವೇ ಅವರ ಬಾಳು. ಅನ್ಯಾಯದ ಯುದ್ಧದಲ್ಲಿ ಹಿಟ್ಲರನಿಗಾಗಿ ಹೋರಾಡಲಾರೆನೆಂದ ಅವರ ಶಿರಚ್ಛೇದ 1943ರ ಆಗಸ್ಟ್ 9ರಂದು ನಡೆಯಿತು. ಅವರಿಗೆ ಯಾವ ಪದಕವೂ ದೊರೆಯಲಿಲ್ಲ. 2007ರಲ್ಲಿ ಧರ್ಮಸಭೆಯು ಅವರನ್ನು ಧನ್ಯರೆಂದು ಘೋಷಿಸಿತು.

ಪದಕಗಳ ಸಂಗ್ರಹ ತಪ್ಪಲ್ಲ. ಅವು ಚರಿತ್ರೆಯ ಸಾಕ್ಷಿಗಳು. ಆದರೆ ಧೈರ್ಯವನ್ನು ಮೆಚ್ಚುವಾಗ, ಅದು ಯಾವುದರ ಸೇವೆಗೆ ಸಂದಿತೆಂದೂ ಕೇಳಬೇಕು. ನಮ್ಮ ಮಕ್ಕಳು ಶಾಲೆಯಿಂದ ಪದಕ ತಂದ ದಿನ ಅವರಿಗೆ ಈ ರೈತರ ಕಥೆಯನ್ನೂ ಹೇಳೋಣ. ಎದೆಯ ಮೇಲೆ ತೂಗುವ ಶಿಲುಬೆಯನ್ನು ಅರಸರು ಕೊಡುತ್ತಾರೆ. ಹೆಗಲ ಮೇಲೆ ಹೊರುವ ಶಿಲುಬೆಯನ್ನು ನಾವೇ ಎತ್ತಿಕೊಳ್ಳಬೇಕು.