ಅಮಾನತು

ಆಲ್ದೂರಿನ ಹತ್ತಿರದ ಕಾಫಿ ತೋಟವೊಂದರಲ್ಲಿ ಅಪ್ಪ ರೈಟರಾಗಿದ್ದರು. ಕೊಯ್ಲಿನ ದಿನಗಳಲ್ಲಿ ಸಂಜೆಯಾದರೆ ಕಣದ ಪಕ್ಕ ಹಣ್ಣಿನ ಚೀಲಗಳ ಸಾಲು. ಕೂಲಿ ಕಿಲೋ ಲೆಕ್ಕದ್ದು. ತಕ್ಕಡಿಯ ಮುಳ್ಳು ಅಲುಗಾಡುವುದು ನಿಲ್ಲುವವರೆಗೆ ಅಪ್ಪ ಪೆನ್ನು ಎತ್ತುತ್ತಿರಲಿಲ್ಲ. ಕತ್ತಲಾಯಿತೆಂದು ನಾನೊಮ್ಮೆ ಅವಸರ ಮಾಡಿದಾಗ, "ಇದು ಅಮಾನತ್, ಮಗಾ" ಎಂದಿದ್ದರು.

ಮುಂದೆ ನಾನು ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿವೇತನ ವಿಭಾಗದಲ್ಲಿ ಗುಮಾಸ್ತನಾದೆ. ಆ ಪದ ಅಲ್ಲಿಯೂ ಕಿವಿಗೆ ಬೀಳುತ್ತಿತ್ತು, ಯಾರನ್ನಾದರೂ ಕೆಲಸದಿಂದ ತಡೆಹಿಡಿದಾಗ. ನಂಬಿ ಒಪ್ಪಿಸಿದ್ದು ಎಂಬ ಅರ್ಥದ ಅರಬ್ಬಿ ಮಾತು ನಮ್ಮ ಕಚೇರಿಗಳಿಗೆ ಬರುವಷ್ಟರಲ್ಲಿ ತಡೆಹಿಡಿದದ್ದು ಎಂದಾಗಿಬಿಟ್ಟಿದೆ.

ನನ್ನ ಮೇಜಿನ ಮೇಲೂ ಹಾಗೆಯೇ ಆಯಿತು. ತೋಟದ ಕೂಲಿಯವರ ಲೈನ್ ಮನೆಯ ಹುಡುಗಿಯೊಬ್ಬಳ ಅರ್ಜಿ. ಅಂಕಪಟ್ಟಿಗೂ ಆದಾಯ ಪ್ರಮಾಣಪತ್ರಕ್ಕೂ ಹೆಸರಿನಲ್ಲಿ ಒಂದಕ್ಷರದ ವ್ಯತ್ಯಾಸ. ಒಂದು ಫೋನ್ ಮಾಡಿದ್ದರೆ ಸರಿಯಾಗುತ್ತಿತ್ತು. ನಾಳೆ ನೋಡೋಣವೆಂದು ಕಡತವನ್ನು ಕೆಳಗಿಟ್ಟೆ. ಕೊನೆಯ ದಿನಾಂಕ ದಾಟಿತು. ಹಾಸ್ಟೆಲ್ ಶುಲ್ಕ ಕಟ್ಟಲಾಗದೆ ಅವಳು ಮತ್ತೆ ಹಣ್ಣು ಕೊಯ್ಯಲು ಹೋದಳು.

ಕುರ್‌ಆನಿನ 83ನೆಯ ಅಧ್ಯಾಯ ಆರಂಭವಾಗುವುದೇ ಅಳತೆಯಲ್ಲಿ ಕಡಿಮೆ ಕೊಡುವವರಿಗೆ ಎಚ್ಚರಿಕೆಯೊಂದಿಗೆ. ಅದು ಅಂಗಡಿಯವರಿಗೆ ಹೇಳಿದ ಮಾತೆಂದೇ ತಿಳಿದಿದ್ದೆ. ಲಂಚ ಮುಟ್ಟದ ನಾನು ಪ್ರಾಮಾಣಿಕನೆಂಬ ನೆಮ್ಮದಿಯಲ್ಲಿದ್ದೆ. ಆದರೆ ಅವಳ ಒಂದು ವರ್ಷ ನನ್ನ ತಕ್ಕಡಿಯಲ್ಲಿತ್ತು.

ಬೀದರಿನಲ್ಲಿ 1472ರಲ್ಲಿ ಬಹಮನಿ ಸುಲ್ತಾನನ ಮಂತ್ರಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾ ನೋಡಿದಾಗ ಇದು ಇನ್ನೂ ನಿಚ್ಚಳವಾಯಿತು. ಆ ಕಾಲದಲ್ಲಿ ಅಲ್ಲಿ ಪಾಠದ ಕೋಣೆಗಳ ಜೊತೆಗೇ ಗ್ರಂಥಾಲಯ, ಜೊತೆಗೇ ವಿದ್ಯಾರ್ಥಿಗಳ ವಸತಿ. ಊಟ, ವಾಸಕ್ಕೆ ಹಣ ಪಡೆಯುತ್ತಿರಲಿಲ್ಲ. ಹುಡುಗನ ಹಸಿವನ್ನೂ ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿದೇ ಪಾಯ ಹಾಕಿದ್ದರು. ಅದು ಆಮೇಲೆ ನೀಡಿದ ಉಪಕಾರವಲ್ಲ. 1481ರಲ್ಲಿ ಸುಲ್ತಾನನೇ ಗವಾನನನ್ನು ಕೊಲ್ಲಿಸಿದ. ಆತನ ಸಂಪತ್ತು ಹುಡುಕಹೋದವರಿಗೆ ಸಿಕ್ಕಿದ್ದು ಅಲ್ಪ. ರಾಜ್ಯದ ಹಣ, ಬಡವರ ಹಣ ಎಂದು ಆತ ಬೇರೆ ಬೇರೆ ಲೆಕ್ಕ ಇಟ್ಟಿದ್ದನೆಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ. ಹಣವನ್ನು ಹಾಗೆ ಬೇರೆಯಿಡುವುದು ನನಗೂ ಗೊತ್ತಿತ್ತು. ಹೊತ್ತನ್ನು ಬೇರೆಯಿಡುವುದು ತಿಳಿದಿರಲಿಲ್ಲ. ಅವಳ ಹೊತ್ತನ್ನು ನನ್ನದೆಂಬಂತೆ ಖರ್ಚು ಮಾಡಿದ್ದೆ.

ಈಗ ಸಂಜೆ ಮೇಜಿನಿಂದ ಏಳುವ ಮುನ್ನ ಬಾಕಿ ಕಡತಗಳನ್ನು ಒಂದೊಂದಾಗಿ ತೆರೆಯುತ್ತೇನೆ. ನಿಯಮದಿಂದ ನಿಂತದ್ದು ಯಾವುದು, ನನ್ನಿಂದ ನಿಂತದ್ದು ಯಾವುದು ಎಂದು ನೋಡುತ್ತೇನೆ. ಎರಡನೆಯದು ಸಿಕ್ಕರೆ ಫೋನ್ ಎತ್ತುತ್ತೇನೆ. ಕೊನೆಯ ಚೀಲ ಇನ್ನೂ ತೂಗಿಲ್ಲ.