ಮೊದಲು ನೀರು, ಮತ್ತೆ ಕಲ್ಲು

ಪ್ರಿಯರೇ, ಜ್ಞಾನೋಕ್ತಿ 27:17 ನಿಮಗೆಲ್ಲ ಬಾಯಿಪಾಠ ಉಂಟು. ಹಾಗಾಗಿ ಯಾರಾದ್ರೂ ಸ್ವಲ್ಪ ಮೊಂಡಾದಂತೆ ಕಂಡರೆ ಸಾಕು, ಮಸೆಯಲಿಕ್ಕೆ ಹೊರಡ್ತೇವೆ. ನಾನು ಕಿಸೆಯಲ್ಲಿ ಮಡಚುವ ಚೂರಿ ಇಟ್ಟುಕೊಳ್ಳುವವ. ಅದು ನನಗೆ ಕಲಿಸಿದ್ದು ಬೇರೆ.

1884ರಲ್ಲಿ ಸ್ವಿಟ್ಜರ್‌ಲ್ಯಾಂಡಿನಲ್ಲಿ ಶುರುವಾದ ವಿಕ್ಟೋರಿನಾಕ್ಸ್‌ನಂಥ ಒಳ್ಳೆ ಚೂರಿಯೂ ಮಂಗಳೂರಿನ ಉಪ್ಪುಗಾಳಿ, ಬೆವರು, ಕಿಸೆಯ ಧೂಳಿಗೆ ಬಿಗಿಯಾಗಬಹುದು. ಆಗ ಉಗುರುಬೆಚ್ಚಗಿನ ನೀರಲ್ಲಿ ನಾಲ್ಕೈದು ಸಲ ತೆರೆದು ಮಡಚಬೇಕು. ಚೆನ್ನಾಗಿ ಒಣಗಿಸಿ ಕೀಲಿಗೆ ಒಂದು ಹನಿ ಎಣ್ಣೆ. ಹೆಚ್ಚಾಗಿ ಅಷ್ಟರಲ್ಲೇ ಸರಿಯಾಗ್ತದೆ. ಅಲಗು ನಿಜವಾಗಿ ಮೊಂಡಾಗಿದ್ದರೆ ಮಾತ್ರ ಕಲ್ಲು, ಅದೂ 15ರಿಂದ 20 ಡಿಗ್ರಿ ಓರೆಯಲ್ಲಿ. ಯಾಕಂದ್ರೆ ತೊಳೆದರೆ ಕೊಳೆ ಹೋಗ್ತದೆ. ಮಸೆದರೆ ಉಕ್ಕೇ ಹೋಗ್ತದೆ. ಹೋದ ಉಕ್ಕು ವಾಪಸ್ ಬರುವುದಿಲ್ಲ.

ಹಾಗಂತ ಮಸೆಯುವುದೇ ಬೇಡ ಅಂತಲ್ಲ. ಮೊಂಡು ಚೂರಿಯನ್ನು ಜಾಸ್ತಿ ಒತ್ತಬೇಕು, ಜಾರಿದರೆ ಕೈಗೇ ಗಾಯ. ಗೆಳೆಯ ತಪ್ಪು ಮಾಡಿದರೆ ಹೇಳಲೇಬೇಕು. ಆದರೆ ಮೂರು ವಾರದಿಂದ ಸಭೆಗೆ ಬಾರದ, ಫೋನ್ ಎತ್ತದ ಆ ಗೆಳೆಯ ಮೊಂಡಾಗಿದ್ದಾನಾ? ಇಲ್ಲ, ನೈಟ್ ಶಿಫ್ಟ್, ಸಾಲದ ಕಂತು, ಮನೆಯ ಚಿಂತೆಯಲ್ಲಿ ಅವನ ಕೀಲು ಬಿಗಿದಿದೆಯಾ? ಅದನ್ನು ಕೇಳದೆ ಬುದ್ಧಿ ಹೇಳಿದರೆ ಅದು ಪ್ರೀತಿಯಾ?

ಈ ವಾರ ಅವನ ರೂಮಿಗೆ ಹೋಗಿ. ಮೊದಲು ಕೇಳಿಸಿಕೊಳ್ಳಿ. ಕಲ್ಲು ಬೇಕಾ ಅಂತ ಆಮೇಲೆ ನೋಡುವ. ಆಮೆನ್.