ಇಂದಿನ ಧಮ್ಮ ಚಿಂತನೆ: ಅದೃಷ್ಟದ ಲೆಕ್ಕ



ರಜೆಯಲ್ಲಿ ಎರಡು ದಿನ ಲಾಸ್ ವೇಗಸ್‌ನಲ್ಲಿದ್ದೆ. ಕ್ಯಾಸಿನೊದಲ್ಲಿ ಆಡಲಿಲ್ಲ, ನಿಂತು ನೋಡಿದೆ. ರೂಲೆಟ್ ಚಕ್ರದಲ್ಲಿ 38 ಮನೆ. ಒಂದು ಮನೆಗೆ ಒಂದು ಡಾಲರ್ ಕಟ್ಟಿ ಗೆದ್ದರೆ 35 ಡಾಲರ್ ಲಾಭ; ಸರಿಯಾದ ಲೆಕ್ಕಕ್ಕೆ 37 ಕೊಡಬೇಕು. ಆ ಊರಿನ ಝಗಮಗವೆಲ್ಲ ಇಂಥ ಕಡಿತದ ದುಡ್ಡು. ಸೋತವರು ಮಾತ್ರ ತಮ್ಮ ಅದೃಷ್ಟವನ್ನೇ ಬೈದುಕೊಳ್ಳುತ್ತಿದ್ದರು.

ಸಿಗಾಲೋವಾದ ಸುತ್ತದಲ್ಲಿ ಬುದ್ಧರು ಜೂಜಿನ ಆರು ಕೇಡು ಹೇಳುತ್ತಾರೆ: ಗೆದ್ದವನ ಮೇಲೆ ದ್ವೇಷ, ಸೋತವನಿಗೆ ದುಃಖ, ಹೀಗೆ. ಅದೃಷ್ಟದ ಮಾತೇ ಅಲ್ಲಿಲ್ಲ.

ನಮ್ಮ ಹಿರಿಯರಿಗೂ ಸೋಲೆಲ್ಲ ಹಣೆಬರಹ ಎಂದೇ ಕಲಿಸಿದ್ದರು. ಬಾಬಾಸಾಹೇಬರು ನಿಯಮ ಬರೆದವರು ಯಾರೆಂದು ಕೇಳಿದರು. 1927ರಲ್ಲಿ ಮಹಾಡದಲ್ಲಿ ಮನುಸ್ಮೃತಿ ಸುಟ್ಟರು. ಜೂಜಿನ ಮೇಜಿನಿಂದ ಯಾರು ಬೇಕಾದರೂ ಎದ್ದು ಹೋಗಬಹುದು (ಏಳುವವರು ಕಡಿಮೆ, ಅದು ಬೇರೆ ಮಾತು). ನಮ್ಮವರು ಆ ಇನ್ನೊಂದು ಆಟದಿಂದ ಎದ್ದು ಬರಲು 1956ರ ನಾಗಪುರದವರೆಗೆ ಕಾಯಬೇಕಾಯಿತು.